ಬೇಲಿಗೆ ಕಾವಲು, ಬಾಯಿಗೆ ವಿಷ

ದನ, ಮೇಕೆಗಳು ಮೂಸಿ ನೋಡಿ ಮುಂದೆ ಸಾಗುವ ಗಿಡ ಕಾಡುಹರಳು. ರೈತರು ಇದನ್ನು ಬೇಲಿಗೆ ಆರಿಸಿಕೊಂಡದ್ದೂ ಅದಕ್ಕೇ. ರೆಂಬೆ ಕಡಿದು ನೆಟ್ಟರೆ ಸಾಕು, ಚಿಗುರುತ್ತದೆ. ಹಳ್ಳಿಯ ಮಕ್ಕಳಿಗಂತೂ ಇದು ಆಟದ ಗಿಡ. ಎಲೆಯ ತೊಟ್ಟು ಮುರಿದು, ಒಸರುವ ಸೊನೆಯನ್ನು ಊದಿ ಗುಳ್ಳೆ ಹಾರಿಸುತ್ತಾರೆ. ಅಂಗಿಗೆ ಬಿದ್ದ ಕಲೆ ಮಾತ್ರ ಹೋಗದು!

ಸಸ್ಯಶಾಸ್ತ್ರದಲ್ಲಿ ಇದು ‘ಜಟ್ರೋಫಾ ಕರ್ಕಾಸ್’. ಹರಳು, ಮರಗೆಣಸು, ರಬ್ಬರ್‌ಗಳ ಕುಟುಂಬವಾದ ಯುಫೋರ್ಬಿಯೇಸಿಗೆ ಸೇರಿದ್ದು. ಮೂಲ ಮೆಕ್ಸಿಕೊ ಮತ್ತು ಮಧ್ಯ ಅಮೆರಿಕ. ಇತರ ಖಂಡಗಳಿಗೆ ಹಬ್ಬಿಸಿದವರು ಪೋರ್ಚುಗೀಸರು. ಜಟ್ರೋಫಾ ಕುಲದಲ್ಲಿ ಸುಮಾರು 170 ಪ್ರಭೇದಗಳುಂಟು. ಉದ್ಯಾನಗಳಲ್ಲಿ ಕೆಂಪು ಹೂ ಬಿಡುವ ಕ್ಯೂಬಾ ಮೂಲದ ‘ಇಂಟೆಜೆರಿಮಾ’ ಇದರ ಹತ್ತಿರದ ನೆಂಟ. ಕುಲದ ಹೆಸರಿಗೆ ಗ್ರೀಕ್‌ನ ‘ವೈದ್ಯ’ ಮತ್ತು ‘ಆಹಾರ’ ಎಂಬ ಪದಗಳೇ ಮೂಲ. ಆದರೆ ಕಾಡುಹರಳಿನ ಬೀಜ ಆಹಾರವಂತೂ ಅಲ್ಲ.

ಬೀಜದಲ್ಲಿ ಮೂರನೇ ಒಂದು ಪಾಲಿನಷ್ಟು ಎಣ್ಣೆಯಿದೆ. 2003ರಲ್ಲಿ ಯೋಜನಾ ಆಯೋಗದ ಸಮಿತಿ ಇದರಿಂದ ಬಯೋಡೀಸೆಲ್ ತೆಗೆಯಲು ಶಿಫಾರಸು ಮಾಡಿದಾಗ ಪಾಳುಭೂಮಿಯೆಲ್ಲ ಬಂಗಾರವಾದೀತೆಂಬ ಆಸೆ ಹುಟ್ಟಿತು. ಗಿಡ ಬರಡು ನೆಲದಲ್ಲಿ ಬದುಕಿತು ನಿಜ, ಕಾಯಿ ಮಾತ್ರ ನಿರೀಕ್ಷಿಸಿದಷ್ಟು ಬಿಡಲಿಲ್ಲ. ಗೊಂಚಲಿನಲ್ಲಿ ಗಂಡು ಹೂವುಗಳೇ ಹೆಚ್ಚು. ಕಾಯಿಗಳು ಒಟ್ಟಿಗೆ ಮಾಗುವುದಿಲ್ಲವಾಗಿ ಕೊಯ್ಲಿನ ಕೂಲಿಯೇ ಬೆಲೆಯನ್ನು ನುಂಗಿತು. 2018ರ ಆಗಸ್ಟ್ 27ರಂದು ಡೆಹ್ರಾಡೂನ್‌ನಿಂದ ದೆಹಲಿಗೆ ಇದರ ಎಣ್ಣೆಯಿಂದ ತಯಾರಿಸಿದ ಇಂಧನ ಬೆರೆಸಿ ವಿಮಾನವೇನೋ ಹಾರಿತು. ರೈತನ ಹೊಲದ ಲೆಕ್ಕ ಕೂಡಿಬರಲಿಲ್ಲ.

ಉಳಿದದ್ದು ಬೇಲಿ. ಅದರೊಂದಿಗೆ ಅಪಾಯವೂ. ಬೀಜದ ರುಚಿ ಕಡಲೆಬೀಜದಂತೆ ಹಿತವಾಗಿರುವುದರಿಂದ ಮಕ್ಕಳು ಮೋಸಹೋಗುತ್ತಾರೆ. ಅದರಲ್ಲಿರುವ ಫೋರ್ಬಾಲ್ ಎಸ್ಟರ್ ಮತ್ತು ಕರ್ಸಿನ್ ಹೊಟ್ಟೆಗೆ ಸೇರಿದರೆ ಕೆಲ ಹೊತ್ತಿನಲ್ಲೇ ಹೊಟ್ಟೆನೋವು, ವಾಂತಿ, ಭೇದಿ. ಮೈಯ ನೀರು ಬತ್ತಿದರೆ ಜೀವಕ್ಕೇ ಸಂಚಕಾರ. ಇದಕ್ಕೆ ಪ್ರತಿವಿಷವಿಲ್ಲ. ಬಲವಂತವಾಗಿ ವಾಂತಿ ಮಾಡಿಸದೆ, ತಿಂದ ಕಾಯಿಯ ಮಾದರಿಯೊಂದಿಗೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಸಕಾಲಕ್ಕೆ ಚಿಕಿತ್ಸೆ ಸಿಕ್ಕರೆ ಬಹುತೇಕ ಮಕ್ಕಳು ಚೇತರಿಸಿಕೊಳ್ಳುತ್ತಾರೆ. ಹಿಂಡಿಯೂ ವಿಷವೇ, ಹೊಲಕ್ಕೆ ಗೊಬ್ಬರವಾದೀತು, ದನಕ್ಕೆ ಮೇವಾಗದು.

ಹಾಗೆಂದು ಬೇಲಿ ಕಿತ್ತೆಸೆಯಬೇಕಿಲ್ಲ. ಶಾಲೆ, ಅಂಗನವಾಡಿ, ಹಿತ್ತಲುಗಳ ಹತ್ತಿರ ನೆಡದಿದ್ದರಾಯಿತು. ಗುಳ್ಳೆಯ ಆಟ ಕಲಿಸುವ ಹಿರಿಯರು ಬೀಜದ ವಿಷಯವನ್ನೂ ಮರೆಯದೆ ಹೇಳಿಕೊಡಬೇಕು.