ಬಾಯಾರಿಕೆಯನ್ನು ಕಟ್ಟಿಹಾಕಬೇಡಿ

ನೀರು ಕುಡಿದರೆ ಮೂತ್ರಕ್ಕೆ ಹೋಗಬೇಕು, ಹೋಗಲು ಮರೆಯಿಲ್ಲ. ಆದುದರಿಂದ ಕುಡಿಯುವುದೇ ಬೇಡ. ಕೆಲಸಕ್ಕೆ ಹೋಗುವ ಹೆಂಗಸರ ಈ ಲೆಕ್ಕ ನಮಗೆ ಹೊಸತಲ್ಲ. ಧಾರಾಳ ಮಳೆ, ತೋಟದ ನೆರಳು ಇರುವ ಕಾಸರಗೋಡಿನಲ್ಲೇ ಇದು ಅಪಾಯ. ನಮ್ಮಂತೆ ಗಡಿಯಾಚೆ ಉಳಿದ ಕನ್ನಡಿಗರಿರುವ ಆಂಧ್ರದ ಹಿಂದೂಪುರ, ಕಲ್ಯಾಣದುರ್ಗಗಳ ಕಡೆ ಕೇಳಬೇಕೆ? ಅಲ್ಲಿ ವರ್ಷದ ಮಳೆ ಸುಮಾರು 550 ಮಿಲಿಮೀಟರ್. ನೆಲಗಡಲೆಯ ಬಯಲು ಹೊಲಗಳಲ್ಲಿ ಮರೆಯೂ ಅಪರೂಪ.

ಶೀತಸಮುದ್ರದಲ್ಲಿ ಮುಳುಗುವವರಿಗೂ ಇದೇ ಪೇಚು. ನೀರು ಒಳನುಗ್ಗದ ಅವರ ಉಡುಪನ್ನು ಕಡಲೊಳಗೆ ಕಳಚಲಾಗದು. ಹಾಗೆಂದು ನೀರು ಬಿಟ್ಟರೆ, ಮೇಲೇಳುವಾಗ ದೇಹದಲ್ಲಿ ಸಾರಜನಕದ ಗುಳ್ಳೆ ಕಟ್ಟುವ ಅಪಾಯ ಹೆಚ್ಚೀತೆಂದು ವೈದ್ಯರು ಎಚ್ಚರಿಸುತ್ತಾರೆ. ಅದಕ್ಕಾಗಿ ಉಡುಪಿಗೇ ಮೂತ್ರ ಹೊರಬಿಡುವ ಕೊಳವೆ ಜೋಡಿಸಿದರು. ಬದಲಾದುದು ಉಡುಪು, ಬಾಯಾರಿಕೆಯಲ್ಲ.

ಹೊಲದಲ್ಲೂ ಅಷ್ಟೆ. ನೀರು ಬಿಟ್ಟು, ಮೂತ್ರ ತಡೆದರೆ ಉರಿಮೂತ್ರ, ಕಲ್ಲು, ತಲೆಸುತ್ತು ಕಾದಿವೆ. ಮೂತ್ರ ಕಡುಹಳದಿಯಾದರೆ ಸಾಮಾನ್ಯವಾಗಿ ನೀರು ಸಾಲದೆಂದೇ ಅರ್ಥ. ಆಗಾಗ ಸ್ವಲ್ಪ ಸ್ವಲ್ಪ ಕುಡಿಯಬೇಕು. ಹೊಲದ ಮೂಲೆಯಲ್ಲಿ ನಾಲ್ಕು ಗಳು, ಸುತ್ತ ತಟ್ಟಿ, ಒಂದು ಕೊಡ ನೀರು: ಇಷ್ಟು ಮಾಡಿಸಲು ಯಜಮಾನರಿಗೆ ದೊಡ್ಡ ಖರ್ಚೇನೂ ಇಲ್ಲ. ಕೂಲಿಯ ಮಾತಾಡುವಾಗ ಇದನ್ನೂ ಸಂಕೋಚವಿಲ್ಲದೆ ಕೇಳೋಣ.