ಕುರ್ಚಿ ಸರಿಯಿದ್ದರೆ ಕಡತವೂ ಸರಿ

ಆಸ್ಪತ್ರೆ ಎಂದೊಡನೆ ನೆನಪಿಗೆ ಬರುವವರು ವೈದ್ಯರು, ದಾದಿಯರು. ಹೊರರೋಗಿಗಳ ಚೀಟಿ ಬರೆಯುವ, ಬಿಲ್ಲು ಮಾಡುವ, ಕೇಸ್ ಶೀಟುಗಳನ್ನು ಜೋಡಿಸಿಡುವ ಗುಮಾಸ್ತರನ್ನು ನೆನೆಯುವವರು ಕಡಿಮೆ. ಆದರೆ ನೋಂದಣಿ ಸಂಖ್ಯೆಯಲ್ಲಿ ಒಂದು ಅಂಕಿ ತಪ್ಪಿದರೂ ಒಬ್ಬರ ರಕ್ತಪರೀಕ್ಷೆಯ ವರದಿ ಇನ್ನೊಬ್ಬರ ಕಡತ ಸೇರೀತು! ಬೆನ್ನುನೋವು, ಕಣ್ಣುರಿಯಿಂದ ಬಳಲಿದವರ ಗಮನ ಬೇಗ ತಪ್ಪುತ್ತದೆ.

ಮನುಷ್ಯನ ಮೈಗೆ ತಕ್ಕಂತೆ ಕೆಲಸವನ್ನು ಒಗ್ಗಿಸುವ ಶಾಸ್ತ್ರವೇ ಎರ್ಗೊನಾಮಿಕ್ಸ್. 1857ರಲ್ಲಿ ಈ ಪದವನ್ನು ಬಳಕೆಗೆ ತಂದವನು ಪೋಲೆಂಡಿನ ವಿಜ್ಞಾನಿ ಯಾಸ್ತ್ರೆಂಬೊವ್‌ಸ್ಕಿ. ತೊಂದರೆ ಮಾತ್ರ ಅದಕ್ಕಿಂತ ಹಳೆಯದು. ಇಟಲಿಯ ವೈದ್ಯ ಬರ್ನಾರ್ಡಿನೋ ರಾಮಾಝೀನಿ (1633-1714) ಬರವಣಿಗೆಯ ಕಸುಬಿನವರ ಬೇನೆಗೆ ಮೂರು ಕಾರಣ ಕೊಟ್ಟಿದ್ದ: ಸದಾ ಕುಳಿತಿರುವುದು, ಕೈಯ ಒಂದೇ ಬಗೆಯ ಚಲನೆ, ತಪ್ಪಾಗಬಾರದೆಂಬ ಮನಸ್ಸಿನ ಒತ್ತಡ. ಲೇಖನಿ ಹೋಗಿ ಕೀಲಿಮಣೆ ಬಂದಿದೆ. ಕಾರಣಗಳು ಮೂರೂ ಹಾಗೆಯೇ ಉಳಿದಿವೆ.

ಬಿಡುವು ಕೊಟ್ಟರೆ ಕೆಲಸ ಹಿಂದೆ ಬೀಳದೇ?

ಬೀಳಬೇಕಿಲ್ಲ. ಅಮೆರಿಕದ ತೆರಿಗೆ ಇಲಾಖೆಯಲ್ಲಿ ಕಂಪ್ಯೂಟರಿಗೆ ಅಂಕಿ ಅಂಶ ತುಂಬುವ ಸಿಬ್ಬಂದಿಯ ಮೇಲೆ ನಡೆದ ಅಧ್ಯಯನವೊಂದು 2000ದಲ್ಲಿ ಪ್ರಕಟವಾಯಿತು. ಎಂದಿನ 15 ನಿಮಿಷಗಳ ಎರಡು ವಿರಾಮಗಳ ಜೊತೆಗೆ, ಬಿಡುವಿಲ್ಲದ ಪ್ರತಿ ಗಂಟೆಯಲ್ಲಿ 5 ನಿಮಿಷ ವಿಶ್ರಾಂತಿ ಕೊಡಲಾಯಿತು. ದಿನಕ್ಕೆ ಹೆಚ್ಚುವರಿಯಾಗಿ ಸಿಕ್ಕಿದ್ದು 20 ನಿಮಿಷ. ಮೈಕೈ ನೋವು, ಕಣ್ಣಿನ ಆಯಾಸ ತಗ್ಗಿದವು. ದಿನದ ಕೆಲಸ ಮಾತ್ರ ಕಡಿಮೆಯಾಗಲಿಲ್ಲ. ದಣಿವಾರಿಸಿಕೊಂಡ ಬೆರಳುಗಳು ಚುರುಕಾಗಿ ಓಡಿದ್ದವು. ಆಸ್ಪತ್ರೆಯ ದಾಖಲೆ ವಿಭಾಗದ ಕೆಲಸವೂ ಇದೇ ಜಾತಿಯದು.

ಸುಧಾರಣೆಗೆ ದೊಡ್ಡ ಖರ್ಚೇನೂ ಬೇಕಿಲ್ಲ. ಪರದೆಯ ಮೇಲಂಚು ಕಣ್ಣಿನ ಮಟ್ಟದಲ್ಲಿ ಅಥವಾ ತುಸು ಕೆಳಗೆ, ಒಂದು ತೋಳಿನಷ್ಟು ದೂರದಲ್ಲಿರಲಿ. ಮೊಣಕೈ ಸುಮಾರು ಲಂಬಕೋನದಲ್ಲಿರಲಿ. ಬೆನ್ನಿಗೆ ಆಸರೆ ಇರಲಿ. ಪಾದ ನೆಲಕ್ಕೆ ತಾಗದಿದ್ದರೆ ಮರದ ಮಣೆಯೊಂದು ಸಾಕು. ಪದೇ ಪದೇ ಬೇಕಾಗುವ ಕಡತ ಕೈಗೆಟಕುವಂತಿರಲಿ. ಕತ್ತು ಓರೆ ಮಾಡಿ ಭುಜಕ್ಕೆ ಫೋನು ಸಿಕ್ಕಿಸಿಕೊಳ್ಳುವ ಅಭ್ಯಾಸ ಬೇಡ.

ಇದು ಗುಮಾಸ್ತರಿಗಷ್ಟೇ ಹೇಳಿದ ಮಾತಲ್ಲ. ದೊಡ್ಡವರ ಕುರ್ಚಿಯಲ್ಲಿ ಕಾಲು ತೂಗಾಡಿಸುತ್ತ, ಪುಸ್ತಕದ ಮೇಲೆ ಬಗ್ಗಿ ಪರೀಕ್ಷೆಗೆ ಓದುವ ಮಗುವಿನ ಬೆನ್ನೂ ಅದೇ ಕಷ್ಟ ಅನುಭವಿಸುತ್ತದೆ. 'ಎದ್ದೇಳಬೇಡ, ಓದು' ಎಂದು ಗದರುವ ಪೋಷಕರು ಗಂಟೆಗೊಮ್ಮೆ ತಾವೇ ಎಬ್ಬಿಸಿ ನಾಲ್ಕು ಹೆಜ್ಜೆ ನಡೆಸಿದರೆ ಒಳ್ಳೆಯದು. ವಿದ್ಯಾರ್ಥಿಗಳು 20 ನಿಮಿಷಕ್ಕೊಮ್ಮೆ 20 ಅಡಿ ದೂರದ ವಸ್ತುವನ್ನು 20 ಸೆಕೆಂಡು ನೋಡಿದರೆ ಕಣ್ಣಿಗೂ ಬಿಡುವು. ನಾಳೆ ಕಚೇರಿ ಸೇರುವವರಿಗೆ ಈ ರೂಢಿ ಇಂದೇ ಬರಲಿ.