ಹಳೆಯ ನೆಗೆಟಿವ್‌ಗೆ ತಕ್ಕ ಎನ್‌ಲಾರ್ಜರ್

"ಇದನ್ನ ದೊಡ್ಡದ ಮಾಡಿಕೊಡ್ರಿ" ಎಂದು ತೀರಿಹೋದ ಹಿರಿಯರ ಪಾಸ್‌ಪೋರ್ಟ್ ಫೋಟೊ ಹಿಡಿದು ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಸ್ಟುಡಿಯೊಗಳಿಗೆ ಜನ ಬರುತ್ತಿದ್ದ ಕಾಲವೊಂದಿತ್ತು. ಗೋಡೆಗೆ ಹಾಕಿ ಹಾರ ತೊಡಿಸುವ ಆ ದೊಡ್ಡ ಚಿತ್ರ ಹುಟ್ಟುತ್ತಿದ್ದುದು ಹಿಂದಿನ ಕತ್ತಲೆ ಕೋಣೆಯ ಎನ್‌ಲಾರ್ಜರಿನಲ್ಲಿ. ಒಂದು ಕಂಬ, ಅದರ ಮೇಲೆ ಏರಿಳಿಯುವ ದೀಪದ ತಲೆ, ಅದರಡಿ ನೆಗೆಟಿವ್ ಹಿಡಿಯುವ ಕ್ಯಾರಿಯರ್, ಆಮೇಲೆ ಲೆನ್ಸ್, ಬುಡದಲ್ಲಿ ಬ್ರೋಮೈಡ್ ಕಾಗದ ಇಡುವ ಹಲಗೆ. ಯಂತ್ರ ಇಷ್ಟೇ.

ಈ ಯಂತ್ರ ಇಲ್ಲದಿದ್ದಾಗ ನೆಗೆಟಿವ್ ಎಷ್ಟು ದೊಡ್ಡದೋ ಚಿತ್ರವೂ ಅಷ್ಟೇ. 1855ರಲ್ಲಿ ಥಾಮಸ್ ಬಿಗ್ಸ್ ವಿಜಯಪುರದ ಕಟ್ಟಡಗಳ ಫೋಟೊ ತೆಗೆದದ್ದು ಹೀಗೆಯೇ. ದೊಡ್ಡ ಕ್ಯಾಮೆರಾ, ಅಷ್ಟೇ ದೊಡ್ಡ ಕಾಗದದ ನೆಗೆಟಿವ್. ಅದನ್ನು ಇನ್ನೊಂದು ಕಾಗದಕ್ಕೆ ಒತ್ತಿಟ್ಟು ಬಿಸಿಲಿಗೆ ಹಿಡಿದರೆ ಚಿತ್ರ. 1866ರಲ್ಲಿ ಲಂಡನ್ನಿನಲ್ಲಿ ಬಂದ ವಿಜಯಪುರದ ವಾಸ್ತುಶಿಲ್ಪದ ಗ್ರಂಥದಲ್ಲಿ ಅವರು ತೆಗೆದ ಚಿತ್ರಗಳಿವೆ.

ಈಗ ಮನೆಯಲ್ಲೇ ಡಾರ್ಕ್‌ರೂಮ್ ಕಟ್ಟಿಕೊಳ್ಳುವ ಆಸೆ ಕೆಲವು ತರುಣರಲ್ಲಿ ಮತ್ತೆ ಚಿಗುರಿದೆ. ಹೊಸ ಎನ್‌ಲಾರ್ಜರ್ ಸುಲಭಕ್ಕೆ ಸಿಗದು, ಹಳೆಯದನ್ನೇ ಹುಡುಕಬೇಕು. ಇಟಲಿಯ ಡರ್ಸ್ಟ್, ಚೆಕ್ ದೇಶದ ಮಿಯಾಪ್ಟಾ ಎಂದು ಹೆಸರು ನೋಡುವ ಮೊದಲು ಅದರಲ್ಲಿ ಯಾವ ಅಳತೆಯ ನೆಗೆಟಿವ್ ಕೂರುತ್ತದೆ ಎಂದು ಕೇಳಿ. 35 ಮಿಮೀ ಫಿಲ್ಮಿಗೆ ಮಾತ್ರ ಮಾಡಿದ ಯಂತ್ರ ಚಿಕ್ಕದು, ಅಗ್ಗದ್ದು. ನಮ್ಮ ಕಡೆಯವರು ಅದನ್ನು ಕೊಳ್ಳಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಸ್ಟುಡಿಯೊಗಳವರು ಯಾಷಿಕಾ ಮ್ಯಾಟ್‌ನಂಥ ಕ್ಯಾಮೆರಾದಲ್ಲಿ 120 ಫಿಲ್ಮ್ ಹಾಕಿ 6×6 ಸೆಂಮೀ ನೆಗೆಟಿವ್ ತೆಗೆಯುತ್ತಿದ್ದರು. ಆಲಮಟ್ಟಿ, ನಾರಾಯಣಪುರ ಜಲಾಶಯಗಳಲ್ಲಿ ಮುಳುಗಿದ ಕೃಷ್ಣಾ ದಂಡೆಯ ಹಳ್ಳಿಗಳ ಮದುವೆ, ಜಾತ್ರೆ, ಶಾಲೆಯ ಗ್ರೂಪ್ ಫೋಟೊ ಎಲ್ಲಾದರೂ ಉಳಿದಿದ್ದರೆ ಇಂಥ ನೆಗೆಟಿವ್‌ಗಳಲ್ಲೇ ಉಳಿದಿರಬೇಕು. ಅವನ್ನು ಮತ್ತೆ ಕಾಗದಕ್ಕೆ ಇಳಿಸಲಾಗದ ಎನ್‌ಲಾರ್ಜರ್ ನಮಗೆ ಅರ್ಧ ಕೆಲಸದ್ದು.

6×6 ಯಂತ್ರಕ್ಕೆ 75 ಅಥವಾ 80 ಮಿಮೀ ಲೆನ್ಸ್ ಬೇಕು. 35 ಮಿಮೀ ಫಿಲ್ಮಿಗೆ 50 ಮಿಮೀ ಸಾಕು. ಎರಡನ್ನೂ ಬದಲಿಸಿ ಹಾಕಬಹುದು. ಇನ್ನೊಂದು ಲಾಭ ದೂಳಿನದು. 8×10 ಇಂಚಿನ ಕಾಗದ ತುಂಬಲು 35 ಮಿಮೀ ನೆಗೆಟಿವನ್ನು ಸುಮಾರು ಎಂಟೂವರೆ ಪಟ್ಟು ಹಿಗ್ಗಿಸಬೇಕು, 6×6 ಆದರೆ ನಾಲ್ಕೂವರೆ ಪಟ್ಟು. ದೂಳಿನ ಕಣವೂ ಅಷ್ಟಷ್ಟೇ ಹಿಗ್ಗುತ್ತದೆ. ಎರೆಭೂಮಿಯ ನಾಡಿನಲ್ಲಿ ಇದು ಸಣ್ಣ ಮಾತಲ್ಲ.

ದೀಪದ ತಲೆಯಲ್ಲಿ ಎರಡು ಬಗೆ. ದಪ್ಪ ಗಾಜಿನ ಕಂಡೆನ್ಸರ್ ಇದ್ದರೆ ಚಿತ್ರ ಚುರುಕಾಗಿ ಮೂಡುತ್ತದೆ, ಜೊತೆಗೆ ನೆಗೆಟಿವ್ ಮೇಲಿನ ಪ್ರತಿಯೊಂದು ಗೀರೂ ಮೂಡುತ್ತದೆ. ಬೆಳಕನ್ನು ಚದುರಿಸುವ ಡಿಫ್ಯೂಸರ್ ಗೀರುಗಳನ್ನು ಮೆತ್ತಗಾಗಿಸುತ್ತದೆ. ಸ್ಟುಡಿಯೊದವರು ಮುಖದ ಕಲೆ ಮರೆಸಲು ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸಿರುತ್ತಾರೆ. ಅದಕ್ಕೆ ಡಿಫ್ಯೂಸರೇ ಮೇಲು. ಕಲರ್ ಲ್ಯಾಬಿನವರು ಬಿಟ್ಟ ಕಲರ್ ಹೆಡ್ ಸಿಕ್ಕರೆ ಬಿಡಬೇಡಿ. ಅದೂ ಬೆಳಕನ್ನು ಚದುರಿಸುತ್ತದೆ, ಅದರ ಹಳದಿ ಮತ್ತು ಮೆಜೆಂಟಾ ಫಿಲ್ಟರಿನಿಂದ ಮಲ್ಟಿಗ್ರೇಡ್ ಕಾಗದದ ಕಾಂಟ್ರಾಸ್ಟ್ ಹೆಚ್ಚು ಕಡಿಮೆ ಮಾಡಬಹುದು. ಊಟಿಯ ಹಿಂದುಸ್ತಾನ್ ಫೋಟೊ ಫಿಲ್ಮ್ಸ್ ಮುಚ್ಚಿ 'ಇಂದು' ಕಾಗದ ನಿಂತ ಮೇಲೆ ಇಲ್‌ಫೋರ್ಡ್‌ನಂಥ ಹೊರದೇಶದ ಕಾಗದವನ್ನೇ ತರಿಸಬೇಕು. ಅದು ದುಬಾರಿ, ಆದ್ದರಿಂದ ಒಂದೇ ಬಗೆಯ ಕಾಗದದಲ್ಲಿ ಎಲ್ಲ ಗ್ರೇಡೂ ಸಿಗುವುದು ದೊಡ್ಡ ಉಳಿತಾಯ.

ಕೊಳ್ಳುವ ಮುನ್ನ ಒಂದು ಪರೀಕ್ಷೆ ಮಾಡಿ. ಕೆಟ್ಟುಹೋದ, ಪೂರ್ತಿ ಕಪ್ಪಾದ ನೆಗೆಟಿವ್ ಒಂದರ ನಾಲ್ಕು ಮೂಲೆಗೂ ನಡುವಿಗೂ ಸೂಜಿಯಿಂದ ಅಡ್ಡ-ಉದ್ದ ಗೀರಿ, ಕ್ಯಾರಿಯರಿನಲ್ಲಿಟ್ಟು, ಲೆನ್ಸನ್ನು ಪೂರ್ತಿ ತೆರೆದು, ತಲೆಯನ್ನು ಕಂಬದ ತುದಿಗೆ ಏರಿಸಿ ಫೋಕಸ್ ಮಾಡಿ. ನಡುವಿನ ಗೀರು ಚೂಪಾಗಿ ಒಂದು ಬದಿಯದು ಮಾತ್ರ ಮಸುಕಾದರೆ ತಲೆ ವಾಲಿದೆ ಎಂದರ್ಥ. ಸ್ಕ್ರೂ ತಿರುಗಿಸಿ ಸರಿಯಾಗುವುದೋ ನೋಡಿ. ಆಮೇಲೆ ಕಂಬವನ್ನು ಬೆರಳಿನಿಂದ ತಟ್ಟಿ. ಬೆಳಕಿನ ಗೀರುಗಳು ಕೂಡಲೇ ನಿಲ್ಲದೆ ನಡುಗುತ್ತಲೇ ಇದ್ದರೆ ಆ ಯಂತ್ರ ಬೇಡ. ಲೆನ್ಸನ್ನು ದೀಪಕ್ಕೆ ಹಿಡಿದಾಗ ಬೂಷ್ಟಿನ ಎಳೆ ಕಂಡರೂ ಗಾಬರಿ ಬೇಡ, ಲೆನ್ಸ್ ಬೇರೆ ಸಿಗುತ್ತದೆ. ಸಡಿಲ ಕಂಬಕ್ಕೆ ಮದ್ದಿಲ್ಲ.

ಎನ್‌ಲಾರ್ಜರ್ ಜೊತೆಗೇ ಸ್ಟೆಬಿಲೈಸರಿಗೂ ಹಣ ತೆಗೆದಿಡಿ. ವೋಲ್ಟೇಜ್ ಹತ್ತರಲ್ಲೊಂದು ಪಾಲು ಇಳಿದರೆ ಬಲ್ಬಿನ ಬೆಳಕು ಸುಮಾರು ಮೂರರಲ್ಲೊಂದು ಪಾಲು ಇಳಿಯುತ್ತದೆ. ಪಂಪ್‌ಸೆಟ್ ಓಡುವ ಹೊತ್ತಿನಲ್ಲಿ ಹತ್ತು ಸೆಕೆಂಡಿನ ಎಕ್ಸ್‌ಪೋಷರ್ ಒಮ್ಮೆ ಇದ್ದಂತೆ ಇನ್ನೊಮ್ಮೆ ಇರುವುದಿಲ್ಲ. ಕೋಣೆಯ ವಿಷಯದಲ್ಲಿ ಮಾತ್ರ ನಮಗೆ ಅನುಕೂಲವಿದೆ. ದಪ್ಪ ಗೋಡೆಯ ಮಾಳಿಗೆ ಮನೆಯ ಒಳಕೋಣೆಗೆ ಬೆಳಕೂ ಕಡಿಮೆ, ತಂಪೂ ಹೆಚ್ಚು. ಜಂತಿಯಿಂದ ಮಣ್ಣು ಉದುರದಂತೆ ಕೆಳಗೆ ಬಟ್ಟೆ ಕಟ್ಟಿದರಾಯಿತು. ಡೆವಲಪರ್ 20 ಡಿಗ್ರಿಯಲ್ಲಿರಬೇಕು, ಏಪ್ರಿಲ್-ಮೇನಲ್ಲಿ ಹೊರಗೆ 40 ದಾಟಿರುತ್ತದೆ. ರಾತ್ರಿ ಕೆಲಸ ಹಿಡಿದು, ಟ್ರೇಯನ್ನು ಮಡಕೆಯ ತಣ್ಣೀರು ತುಂಬಿದ ದೊಡ್ಡ ಪರಾತದಲ್ಲಿ ಕೂರಿಸಿ, ಬೇಕಾದರೆ ಆ ನೀರಿಗೆ ಮಂಜುಗಡ್ಡೆ ಹಾಕಿ.

ಹಳೆಯ ಸ್ಟುಡಿಯೊಗಳಲ್ಲಿ ನೆಗೆಟಿವ್ ಲಕೋಟೆಯ ಮೇಲೆ ನಂಬರ್ ಬರೆದು, ಅದೇ ನಂಬರನ್ನು ಗಿರಾಕಿಯ ಹೆಸರು-ಊರಿನೊಂದಿಗೆ ಪುಸ್ತಕದಲ್ಲಿ ಬರೆದಿಡುವ ರೂಢಿಯಿತ್ತು. ಬೆಳ್ಳಿ ತೆಗೆಯುವವರಿಗೆ ಫಿಲ್ಮ್ ತೂಕಕ್ಕೆ ಹೋದರೆ ಈ ಪುಸ್ತಕ ರದ್ದಿಗೆ ಹೋಗುತ್ತದೆ. ಎನ್‌ಲಾರ್ಜರ್ ಕೇಳಲು ಸ್ಟುಡಿಯೊಗೆ ಹೋದವರು ಲಕೋಟೆಗಳ ಡಬ್ಬಿಯನ್ನೂ ಆ ಪುಸ್ತಕವನ್ನೂ ಕೇಳಿ ನೋಡಬೇಕು. ಕೊಡಲು ಮನಸ್ಸಿಲ್ಲದಿದ್ದರೆ ಅಲ್ಲೇ ಕುಳಿತು ನಂಬರು, ಊರು ಬರೆದುಕೊಳ್ಳಲು ಅಪ್ಪಣೆ ಕೇಳಬಹುದು.